ಕೋಳಿಕುಟುಮದ ಗೆಡ್ಡೆ

ತಗೋ ಜಸಿಂತಾ, ನೀನು ಕೇಳಿದ್ದ ಗೆಡ್ಡೆ.
ಹಳೇ ಪೇಪರಿನಲ್ಲಿ ಸುತ್ತಿದ್ದೇನೆ, ಮಣ್ಣು ಕೊಡವಿಲ್ಲ.
ಬಿಚ್ಚುವಾಗ ನಿಧಾನ. ನೇಗಿಲ ಹಾಗೆ ಎರಡು ತೋಳು,
ತೋಳಿನ ತುದಿಗೆ ಒಂದೊಂದೇ ಕಣ್ಣು, ಎಳ್ಳಿನಷ್ಟು.
ಅದು ಮುರಿದರೆ ಮುಗಿಯಿತು,
ಮಿಕ್ಕದ್ದು ಎಷ್ಟು ದಪ್ಪವಿದ್ದರೂ ಬರೀ ಗೆಡ್ಡೆ.

ಕೃತ್ತಿಕೆಯಲ್ಲಿ ಒಂದು ಹದ ಮಳೆ ಬೀಳಲಿ.
ಅದಕ್ಕೆ ಮುಂಚೆ ನೆಟ್ಟು, ನೀರು ಹುಯ್ದು ಹುಯ್ದು
ನಾನೇ ಎರಡು ಕೊಳೆಸಿದ್ದೇನೆ.
ನಿಮ್ಮ ಕ್ವಾರ್ಟರ್ಸಿನ ಹಿಂದೆ, ನಾಲೆಯ ಜೌಗು ತಾಗದ ಕಡೆ ನೋಡು.
ಕಬ್ಬಿಗೆ ಒಗ್ಗುವ ಮಣ್ಣು ಇದಕ್ಕೆ ಒಗ್ಗದು;
ಕುಂತಿಬೆಟ್ಟದ ಬಂಡೆ ಸಂದಿಯಲ್ಲಿ
ಕಾರೆಮುಳ್ಳಿನ ಜೊತೆ ಜಗಳವಾಡಿ ಬೆಳೆದ ಜಾತಿ.
ಮರಳು, ಗರಸು, ಒಂದು ಹಿಡಿ ಹಳೇ ಗೊಬ್ಬರ ಸಾಕು.
ನಾಲ್ಕು ಬೆರಳು ಆಳ. ನಿಲ್ಲಿಸಬೇಡ, ಮಲಗಿಸು.
ವಾರ್ಡಿನಲ್ಲಿ ಪೇಷಂಟನ್ನು ಮಗ್ಗುಲಿಗೆ ಹೊರಳಿಸುತ್ತೀಯಲ್ಲ, ಹಾಗೆ.

ಆಮೇಲೆ ಕೈ ತೊಳೆದುಕೋ. ಸೋಪು ಹಾಕಿ, ಎರಡು ಸಲ.

ಗೊತ್ತು, ಏನು ಕೇಳಬೇಕು ಅಂತಿದ್ದೀಯ.
ಪಾಂಡವಪುರದ ಆಸ್ಪತ್ರೆಯ ರಾತ್ರಿ ಪಾಳಿಯಲ್ಲಿ
ಕೇಸ್ ಶೀಟಿನ ಒಂದು ಸಾಲಾಗಿ
ಇದರ ಹೆಸರು ಮೊದಲು ಓದಿದವಳು ನೀನು.
ಹೌದು, ಅದೇ.

ಕೆಂಪಾಜಮ್ಮ, ನಮ್ಮಪ್ಪನ ಚಿಕ್ಕಮ್ಮ,
ಹತ್ತೊಂಬತ್ತರ ಪ್ರಾಯದಲ್ಲಿ ಒಂದು ಮಧ್ಯಾಹ್ನ
ಸೌದೆಗೆಂದು ಬೆಟ್ಟ ಹತ್ತಿ
ಸೌದೆಯಿಲ್ಲದೆ ಇಳಿದಳಂತೆ. ಮಡಿಲಲ್ಲಿ ಇದಿತ್ತು.
ಯಾಕೆ ಅಂತ ಯಾರೂ ಕೇಳಲಿಲ್ಲ,
ಕೇಳದಿರುವುದು ನಮ್ಮ ಮನೆಯಲ್ಲಿ ಆಗ ಒಂದು ಮರ್ಯಾದೆ.
ಹಿತ್ತಿಲ ಬಾಗಿಲಲ್ಲಿ ಕೂತೇ ಇದ್ದಳು,
ದನ ಬರುವ ಹೊತ್ತಿನ ತನಕ.
ಆಮೇಲೆ ಕುಡುಗೋಲಿನ ಮೊನೆಯಿಂದ ಬೇಲಿ ಬುಡ ಬಗೆದು
ಒಳಗಿಟ್ಟು, ಮುಚ್ಚಿ, ಕಾಲಲ್ಲಿ ಒತ್ತಿದಳು.

ನಾನು ಕೇಳಿದೆ, ಎಷ್ಟೋ ವರ್ಷದ ಮೇಲೆ,
ಅವಳಿಗೆ ಕಿವಿ ಮಂದವಾಗಿದ್ದಾಗ, ಎರಡು ಸಲ ಕೂಗಿ.
"ಎಮ್ಮೆ ಕರೀಬೇಕಿತ್ತು ಕಣ್ ಮಗ," ಅಂದಳು,
"ಕೆಚ್ಚಲು ಬಿಗ್ದು ಅರಚ್ತಾ ಇತ್ತು. ಅದ್ಕೆಯ."

ಇರಲಿ. ಮೂರು ವಾರ ಏನೂ ಕಾಣದು. ಕೆದಕಿ ನೋಡಬೇಡ.
ಒಂದು ಹಸಿರು ಮೊನೆ ಬಂತೋ, ಒಣಗಿದ ತೊಗರಿ ಕಡ್ಡಿ ಚುಚ್ಚು;
ಕಬ್ಬಿಣದ ಸರಳು ನುಣುಪು, ಬಿಸಿಲಿಗೆ ಸುಡುತ್ತೆ.
ಇದಕ್ಕೆ ಬೇರೆ ಕೈಯಿಲ್ಲ, ಎಲೆಯ ತುದಿಯೇ ಬೆರಳು,
ಸಿಕ್ಕಿದ್ದಕ್ಕೆ ಎರಡು ಸುತ್ತು ಸುತ್ತಿ
ಆಮೇಲೆ ಮುಂದಿನ ಎಲೆ.

ಗೌರಿ ಹಬ್ಬದ ಎಡಬಲದಲ್ಲಿ ಮೊಗ್ಗು.
ತಲೆ ತಗ್ಗಿಸಿಯೇ ಇರುತ್ತೆ, ಬೈಸಿಕೊಂಡವಳ ಹಾಗೆ.
ಮೊದಲು ಹಸಿರು. ಮಾರನೇ ದಿನ ಅಂಚಿಗೆ ಅರಿಶಿನ.
ಆಮೇಲೆ ಆರು ಎಸಳೂ ಹಿಂದಕ್ಕೆ ತಿರುಗಿ
ಊದುಗೊಳವೆಗೆ ಎದ್ದ ಒಲೆಯಂತೆ ಮೇಲಕ್ಕೆ, ಕೆಂಪಗೆ;
ಮುಖ ಮಾತ್ರ ಕೊನೆವರೆಗೂ ನೆಲದ ಕಡೆಗೇ.
ಮುಡಿಯುವ ಹೂವಲ್ಲ. ಕೆಂಪಾಜಮ್ಮ ಒಂದೇ ಒಂದು ಕಿತ್ತು
ಗೌರಿಯ ಮುಂದಿಟ್ಟು, ಕೈ ಮುಗಿಯದೆ
ಸ್ವಲ್ಪ ಹೊತ್ತು ಅವಳನ್ನೇ ನೋಡುತ್ತಿದ್ದಳು.

ಎದುರುಮನೆ ಮಕ್ಕಳನ್ನು ಓಡಿಸಬೇಡ.
ಕರೆದು ತೋರಿಸಿ ಹೇಳು: ಇದು ಕೋಳಿಕುಟುಮ, ನೋಡೋಕೆ ಮಾತ್ರ.
ಮೇಕೆ ಕಟ್ಟುವ ಜಾಗದಿಂದ ದೂರವಿರಲಿ.

ದೀಪಾವಳಿ ಕಳೆಯುತ್ತಲೇ ಬಳ್ಳಿ ಒಣಗುತ್ತೆ,
ಹೆದರಿ ನೀರು ಹುಯ್ಯಬೇಡ.
ನಾಡಿ ಸಿಗಲಿಲ್ಲ ಅಂತ ಚಾದರ ಎಳೆಯುವವಳಲ್ಲವಲ್ಲ ನೀನು.
ಒಂದು ಗೂಟ ಹೊಡೆದು ಗುರುತಿಡು,
ಯಾರಾದರೂ ಬದನೆ ಹಾಕಲು ಅಗೆದಾರು.

ಇನ್ನೊಂದು ಮಾತು. ಇದು ಅವಳು ತಂದ ಗೆಡ್ಡೆಯಲ್ಲ.
ಹೂ ಬಿಟ್ಟ ವರ್ಷ ಹಳೆಯದು ಸೊರಗಿ ಸಿಪ್ಪೆಯಾಗುತ್ತೆ,
ಅದರ ಮಗ್ಗುಲಲ್ಲೇ ಹೊಸದು ಕಟ್ಟಿರುತ್ತೆ.
ಎಷ್ಟನೆಯದೋ, ಲೆಕ್ಕ ಇಟ್ಟವರಿಲ್ಲ.
ಅವಳು ತೊಂಬತ್ತೊಂದಕ್ಕೆ ಹೋದಳು, ನಿದ್ದೆಯಲ್ಲಿ,
ಬೇಲಿಯ ಉದ್ದಕ್ಕೂ ಹನ್ನೊಂದು ಬುಡ ಇದ್ದವು.

ಕಣ್ಣು ಜೋಪಾನ. ಪೇಪರು ಸುಟ್ಟುಬಿಡು.